ಗಾಳಿಗೆಷ್ಟು ದಾರಿ ಬೇಕು?

ವೈಶಾಖ ಮಾಸದ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕಲಬುರಗಿಯ ಕೋಟೆಯ ಸುತ್ತಣ ಬೀದಿಗಳಲ್ಲಿ ನಡೆದಾಡುವವರು ವಿರಳ. ಉಷ್ಣಮಾಪಕವು 41, 42 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ಕೆಲವು ವರ್ಷ ಅದನ್ನೂ ದಾಟಿ ಮೇಲೇರುವುದುಂಟು. ಆ ಹೊತ್ತಿನಲ್ಲಿ ಮನೆಮನೆಯಿಂದಲೂ ಕೇಳಿಬರುವುದು ಒಂದೇ ಧ್ವನಿ: ಕೂಲರಿನ ಭೋರ್ಗರೆತ. ಅದರೊಡನೆ ಕೇಳಿಬರುವ ದೂರೂ ಒಂದೇ. 'ಕೂಲರು ದೊಡ್ಡದೇ ಇದೆ, ಸದ್ದೂ ಬೇಕಾದಷ್ಟಿದೆ. ಕೋಣೆ ಮಾತ್ರ ತಣ್ಣಗಾಗುವುದಿಲ್ಲ.' ಮುಂದಿನ ಬೇಸಗೆಗೆ ಮನೆಯ ಯಜಮಾನರು ಇನ್ನೂ ದೊಡ್ಡದೊಂದನ್ನು ತರುತ್ತಾರೆ. ಸದ್ದು ಹೆಚ್ಚುತ್ತದೆ, ವಿದ್ಯುತ್ತಿನ ಬಿಲ್ಲೂ ಹೆಚ್ಚುತ್ತದೆ. ಸೆಕೆ ಇದ್ದಂತೆಯೇ ಇರುತ್ತದೆ. ಇಂಥಲ್ಲಿ ಬಹುಮಟ್ಟಿಗೆ ದೋಷವಿರುವುದು ಯಂತ್ರದಲ್ಲಿ ಅಲ್ಲ, ಗಾಳಿ ಬರುವ ಮತ್ತು ಹೋಗುವ ದಾರಿಯಲ್ಲಿ. ಆ ದಾರಿಯ ಅಳತೆಯನ್ನು ಹೇಗೆ ಗೊತ್ತುಮಾಡಬೇಕೆಂಬುದೇ ಈ ಲೇಖನದ ವಿಷಯ. ಇದಕ್ಕೆ ಬೇಕಾದ ಗಣಿತ ಪ್ರೌಢಶಾಲೆಯದೇ. ಗುಣಾಕಾರ, ಭಾಗಾಕಾರಗಳಿಗಿಂತ ಹೆಚ್ಚಿನದೇನೂ ಇಲ್ಲ.

ಕೋಟೆಯೊಳಗಿರುವ ಜಾಮಾ ಮಸೀದಿಯನ್ನು ನೋಡಿದವರಿಗೆ ಒಂದು ಸಂಗತಿ ಗಮನಕ್ಕೆ ಬಂದಿರಬಹುದು. ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾನ ಕಾಲದಲ್ಲಿ, 1367ರಲ್ಲಿ, ಕಟ್ಟಲ್ಪಟ್ಟ ಈ ಮಸೀದಿಗೆ ಸಾಮಾನ್ಯವಾಗಿ ಮಸೀದಿಗಳಲ್ಲಿರುವ ತೆರೆದ ಅಂಗಳವಿಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ ಹೊದಿಸಿದೆ. ಇಷ್ಟು ವಿಶಾಲವಾದ ಮುಚ್ಚಿದ ಕಟ್ಟಡ ಒಳಗೆ ಉಸಿರುಕಟ್ಟುವ ಕತ್ತಲೆಯ ಗುಹೆಯಾಗಬೇಕಾಗಿತ್ತು. ಹಾಗಾಗದಿರುವುದಕ್ಕೆ ಕಾರಣ ಹೊರ ಅಂಚಿನ ಸಾಲುಗಳಲ್ಲಿರುವ ತಗ್ಗಾದ, ಆದರೆ ಬಹು ಅಗಲವಾದ ಕಮಾನುಗಳು. ಬೆಳಕು, ಗಾಳಿ ಎರಡೂ ಅವುಗಳ ಮೂಲಕ ಒಳಹೋಗುತ್ತವೆ. ಅಲ್ಲಿ ಯಾವ ಯಂತ್ರವೂ ಇಲ್ಲ. ಗಾಳಿಗೆ ಧಾರಾಳವಾದ ದಾರಿಯಿದೆ, ಅಷ್ಟೇ. ಕೋಟೆಯಿಂದ ಹೊರಬಂದು ಇಕ್ಕಟ್ಟಾದ ಓಣಿಯ ಮನೆಯನ್ನು ಹೊಕ್ಕರೆ ಕಾಣುವುದು ಇದಕ್ಕೆ ತೀರ ವಿರುದ್ಧವಾದ ಸ್ಥಿತಿ: ಬಲವಾದ ಯಂತ್ರ, ಬಡವಾದ ದಾರಿ.

ಮೊದಲು ಕೂಲರಿನ ಕೆಲಸವನ್ನು ತಿಳಿಯೋಣ. ನೀರು ಆವಿಯಾಗಬೇಕಾದರೆ ಅದಕ್ಕೆ ಉಷ್ಣ ಬೇಕು. ಆ ಉಷ್ಣವನ್ನು ಅದು ಸುತ್ತಲಿನ ಗಾಳಿಯಿಂದಲೇ ಕಸಿದುಕೊಳ್ಳುತ್ತದೆ, ಗಾಳಿ ತಂಪಾಗುತ್ತದೆ. ಕಮಲಾಪುರದ ಕೆಂಪು ಬಾಳೆಯ ತೋಟವೊಂದನ್ನು ಹೊಕ್ಕವರಿಗೆ ಹೊರಗಿನ ಬಯಲಿಗಿಂತ ತಂಪೆನಿಸುವುದಕ್ಕೆ ನೆರಳು ಒಂದು ಕಾರಣವಾದರೆ, ಅಗಲವಾದ ಎಲೆಗಳಿಂದ ನೀರು ಆವಿಯಾಗುತ್ತಿರುವುದು ಇನ್ನೊಂದು. ಕೂಲರಿನಲ್ಲಿ ಎಲೆಯ ಸ್ಥಾನದಲ್ಲಿರುವುದು ನೀರು ತೊಟ್ಟಿಕ್ಕುತ್ತಿರುವ ಹುಲ್ಲಿನ ಚಾಪೆ. ಆದರೆ ಈ ತಂಪಿಗೆ ಒಂದು ಮಿತಿಯುಂಟು. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆಯನ್ನು ಸುತ್ತಿ ಗಾಳಿಗೆ ಹಿಡಿದರೆ ಅದು ಎಷ್ಟು ಡಿಗ್ರಿಗೆ ಇಳಿದು ನಿಲ್ಲುತ್ತದೆಯೋ ಅದೇ ಆ ಮಿತಿ. ಗಾಳಿ 41 ಡಿಗ್ರಿಯಲ್ಲಿದ್ದು ಅದರ ಆರ್ದ್ರತೆ ಶೇಕಡಾ 20 ಇರುವಾಗ ಒದ್ದೆ ಬುರುಡೆ ಸುಮಾರು 23 ಡಿಗ್ರಿ ತೋರಿಸುತ್ತದೆ. ಎರಡರ ಅಂತರ 18 ಡಿಗ್ರಿ. ಒಳ್ಳೆಯ ಚಾಪೆಯಿರುವ ಕೂಲರು ಈ ಅಂತರದ ಮುಕ್ಕಾಲು ಪಾಲನ್ನು, ಎಂದರೆ 13.5 ಡಿಗ್ರಿಯನ್ನು, ಇಳಿಸಬಲ್ಲದು. ಅದರ ಬಾಯಿಂದ ಹೊರಡುವ ಗಾಳಿ 27.5 ಡಿಗ್ರಿಯದಾಗಿರುತ್ತದೆ. ಮಂಗಳೂರಿನಂಥ ಕಡಲತೀರದ ಊರಿನಲ್ಲಿ ಈ ಯಂತ್ರ ನಿಷ್ಪ್ರಯೋಜಕವೆಂಬುದಕ್ಕೂ ಕಲಬುರಗಿಯಲ್ಲಿ ಅದು ಉಪಕಾರಿಯೆಂಬುದಕ್ಕೂ ಕಾರಣ ಈ ಒಣ ಹವೆಯೇ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಓಣಿಯ ಎರಡೂ ಪಕ್ಕದಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಕೂಲರನ್ನು ಕಿಟಕಿಗೆ ಕೂರಿಸಲು ಸ್ಥಳವಿಲ್ಲ. ಆದುದರಿಂದ ಅದನ್ನು ಮಾಳಿಗೆಯ ಮೇಲೆ ಇಟ್ಟು, ತಗಡಿನ ಕೊಳವೆಯ ಮೂಲಕ, ಎಂದರೆ ಡಕ್ಟಿನ ಮೂಲಕ, 10 ಮೀಟರು ದೂರದ ಕೋಣೆಗೆ ಗಾಳಿಯನ್ನು ಇಳಿಸಬೇಕಾಗಿದೆ. ಕೋಣೆ 5 ಮೀಟರು ಉದ್ದ, 4 ಮೀಟರು ಅಗಲ, 3 ಮೀಟರು ಎತ್ತರ. ತಲೆಯ ಮೇಲಿರುವುದು ಬರಿಯ ಕಾಂಕ್ರೀಟಿನ ಚಾವಣಿ.

ತಗಡಿನ ಕೆಲಸದವರನ್ನು ಕರೆದು ಕೊಳವೆ ಎಷ್ಟು ದಪ್ಪವಿರಬೇಕೆಂದು ಕೇಳಿದರೆ, 'ಎಷ್ಟು ಜಾಗವಿದೆಯೋ ಅಷ್ಟು' ಎಂದಾರು. ಸರಿಯಾದ ಕ್ರಮ ಇದಲ್ಲ. ಮೊದಲು ಕೇಳಬೇಕಾದ ಪ್ರಶ್ನೆ, ಕೋಣೆಯೊಳಕ್ಕೆ ಎಷ್ಟು ಉಷ್ಣ ಬರುತ್ತಿದೆ ಎಂಬುದು. ಬರಿಯ ಕಾಂಕ್ರೀಟು ಚಾವಣಿಯ ಒಂದು ಚದರ ಮೀಟರಿನಲ್ಲಿ, ಒಳಹೊರಗಿನ ಒಂದು ಡಿಗ್ರಿ ಅಂತರಕ್ಕೆ, ಸುಮಾರು 3.5 ವ್ಯಾಟು ಉಷ್ಣ ಇಳಿಯುತ್ತದೆ. ಬಿಸಿಲಿನ ಪಾಲನ್ನೂ ಸೇರಿಸಿದರೆ ಚಾವಣಿಯ ಮೇಲ್ಮೈ 60 ಡಿಗ್ರಿಯಲ್ಲಿದೆಯೆಂದು ಇಟ್ಟುಕೊಳ್ಳಬಹುದು. ಒಳಗೆ 32 ಡಿಗ್ರಿ ಇದ್ದರೆ ಸಾಕೆನ್ನೋಣ. ಬೀಸುವ ಗಾಳಿಯಲ್ಲಿ ಅದು ಹಿತವಾಗಿಯೇ ಇರುತ್ತದೆ. ಅಂತರ 28 ಡಿಗ್ರಿ. 20 ಚದರ ಮೀಟರನ್ನು 3.5ರಿಂದಲೂ 28ರಿಂದಲೂ ಗುಣಿಸಿದರೆ 1,960 ವ್ಯಾಟು. ಗೋಡೆ, ಕಿಟಕಿ, ಜನ, ದೀಪ ಇವುಗಳಿಂದ ಬರುವುದನ್ನು 600 ವ್ಯಾಟೆಂದು ಅಂದಾಜು ಮಾಡಿದರೆ ಒಟ್ಟು ಸುಮಾರು 2.5 ಕಿಲೋವ್ಯಾಟು. ಒಂದು ಇಸ್ತ್ರಿಪೆಟ್ಟಿಗೆಗೆ ಬೇಕಾದುದಕ್ಕಿಂತ ಹೆಚ್ಚಿನ ಉಷ್ಣ ಮಧ್ಯಾಹ್ನವಿಡೀ ತಲೆಯ ಮೇಲೆ ಸುರಿಯುತ್ತಿದೆಯೆಂದಾಯಿತು.

ಈ ಉಷ್ಣವನ್ನು ಹೊತ್ತು ಹೊರಹಾಕುವ ಕೂಲಿಯಾಳು ಗಾಳಿ. ಇಲ್ಲಿನ ಬೇಸಗೆಯ ಗಾಳಿಯ ಒಂದು ಘನ ಮೀಟರಿನ ತೂಕ ಸುಮಾರು 1.1 ಕಿಲೋಗ್ರಾಂ, ಒಂದು ಕಿಲೋಗ್ರಾಂ ಗಾಳಿ ಒಂದು ಡಿಗ್ರಿ ಬಿಸಿಯಾಗಲು ಒಂದು ಕಿಲೋಜೂಲು ಉಷ್ಣವನ್ನು ತೆಗೆದುಕೊಳ್ಳುತ್ತದೆ. ನಮ್ಮ ಗಾಳಿ 27.5 ಡಿಗ್ರಿಯಲ್ಲಿ ಒಳಬಂದು 32 ಡಿಗ್ರಿಯಲ್ಲಿ ಹೊರಹೋಗುತ್ತದೆ. ಎಂದರೆ ಅದು ಹೊರುವ ಭಾರ 4.5 ಡಿಗ್ರಿಯದು ಮಾತ್ರ. ಒಂದು ಘನ ಮೀಟರಿಗೆ ಐದು ಕಿಲೋಜೂಲಿಗೂ ತುಸು ಕಡಿಮೆ. ಹಾಗಾದರೆ 2.5 ಕಿಲೋವ್ಯಾಟಿಗೆ ಸೆಕೆಂಡಿಗೆ ಅರ್ಧ ಘನ ಮೀಟರು ಗಾಳಿ ಬೇಕು. ಗಂಟೆಗೆ ಇದು 1,800 ಘನ ಮೀಟರು. ಕೋಣೆಯ ಗಾತ್ರ 60 ಘನ ಮೀಟರು. ಆದುದರಿಂದ ಗಂಟೆಗೆ ಮೂವತ್ತು ಸಲ ಕೋಣೆಯ ಗಾಳಿಯೆಲ್ಲ ಬದಲಾಗಬೇಕು. ಮೊದಲ ಬಾರಿಗೆ ಈ ಲೆಕ್ಕವನ್ನು ಮಾಡಿದವರಿಗೆ ಉತ್ತರ ನಂಬಿಕೆ ಬರುವುದಿಲ್ಲ. ಆದರೆ ಕೂಲರುಗಳ ವಿಷಯದಲ್ಲಿ ಇದು ವಾಡಿಕೆಯ ಸಂಖ್ಯೆಯೇ.

ಇನ್ನು ದಾರಿಯ ಅಳತೆ. ಕಾಲುವೆಯಲ್ಲಿ ಹರಿಯುವ ನೀರಿಗೂ ಕೊಳವೆಯಲ್ಲಿ ಹರಿಯುವ ಗಾಳಿಗೂ ಒಂದೇ ನಿಯಮ: ಹರಿಯುವ ಪ್ರಮಾಣ ಎಂದರೆ ದಾರಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ವೇಗದಿಂದ ಗುಣಿಸಿದ್ದು. ವಾಸದ ಮನೆಗಳ ಮುಖ್ಯ ಡಕ್ಟಿನಲ್ಲಿ ವೇಗವನ್ನು ಸೆಕೆಂಡಿಗೆ ಸುಮಾರು 4 ಮೀಟರಿನಲ್ಲಿ ಇರಿಸುವುದು ರೂಢಿ. ಅದಕ್ಕಿಂತ ಬಹಳ ಹೆಚ್ಚಾದರೆ ಸದ್ದು ನಿದ್ರೆಯನ್ನು ಕೆಡಿಸುತ್ತದೆ. ಅರ್ಧವನ್ನು ನಾಲ್ಕರಿಂದ ಭಾಗಿಸಿದರೆ 0.125 ಚದರ ಮೀಟರು. ದುಂಡು ಕೊಳವೆಯಾದರೆ 40 ಸೆಂಟಿಮೀಟರು ವ್ಯಾಸ. ಚೌಕವಾದರೆ 35 ಸೆಂಟಿಮೀಟರಿಗೆ ತುಸು ಮಿಗಿಲಾದ ಬದಿ. ನೀರು ಹೊರುವ ದೊಡ್ಡ ಕೊಡವೊಂದು ತೂರುವಷ್ಟು ದಾರಿಯೆನ್ನಬಹುದು.

'ಅಷ್ಟು ದೊಡ್ಡದೇಕೆ? 20 ಸೆಂಟಿಮೀಟರಿನ ಪೈಪು ಹಾಕಿದರೆ ಗಾಳಿ ಇನ್ನೂ ಜೋರಾಗಿ ಬರುವುದಲ್ಲವೇ?' ಎಂದು ಯಾರಾದರೂ ಕೇಳಬಹುದು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ದೂರ ಚಿಮ್ಮಿಸಿದ ಅನುಭವ ಈ ಪ್ರಶ್ನೆಗೆ ಮೂಲ. ಚಿಮ್ಮಿದ ನೀರು ದೂರ ಹೋಗುವುದು ನಿಜ. ಆದರೆ ಬಕೆಟ್ಟು ತುಂಬುವುದು ತಡವಾಗುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಕೊಳವೆಯ ಗೋಡೆಗೆ ಉಜ್ಜುತ್ತ ಹರಿಯುವ ದ್ರವ ಎಷ್ಟು ಒತ್ತಡವನ್ನು ಕಳೆದುಕೊಳ್ಳುತ್ತದೆಂಬುದನ್ನು ಫ್ರಾನ್ಸಿನ ದಿಜೋಂ ನಗರಕ್ಕೆ ಕುಡಿಯುವ ನೀರು ಒದಗಿಸಿದ ಎಂಜಿನಿಯರು ಆನ್ರಿ ಡಾರ್ಸಿ ಬಗೆಬಗೆಯ ಕೊಳವೆಗಳಲ್ಲಿ ಅಳೆದು 1857ರಲ್ಲಿ ಪ್ರಕಟಿಸಿದನು. ಆ ಸಂಶೋಧನೆಯಿಂದ ಬೆಳೆದುಬಂದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಒಂದು ಫಲಿತಾಂಶ ಬೆರಗುಗೊಳಿಸುವಂಥದು: ಹರಿಯುವ ಪ್ರಮಾಣ ಅಷ್ಟೇ ಇರಲಿ, ಕೊಳವೆಯ ವ್ಯಾಸವನ್ನು ಅರ್ಧಮಾಡಿದರೆ, ಘರ್ಷಣೆಯಿಂದಾಗುವ ನಷ್ಟ ಎರಡು ಪಾಲಲ್ಲ, ನಾಲ್ಕು ಪಾಲಲ್ಲ, 32 ಪಾಲಾಗುತ್ತದೆ. ವೇಗ ನಾಲ್ಕು ಮಡಿಯಾಗುವುದರಿಂದ, ಅದರ ವರ್ಗ ಹದಿನಾರು. ಕಿರಿದಾದ ಕೊಳವೆಯಲ್ಲಿ ಗಾಳಿ ಗೋಡೆಗೆ ಹೆಚ್ಚು ಉಜ್ಜುವುದರಿಂದ ಇನ್ನೆರಡು ಮಡಿ.

ನಮ್ಮ ಮನೆಗೆ ಇದನ್ನು ಅನ್ವಯಿಸೋಣ. ಗಾಳಿಯ ಒತ್ತಡ ಅತ್ಯಲ್ಪವಾದುದರಿಂದ ಅದನ್ನು ಇಷ್ಟು ಮಿಲಿಮೀಟರು ನೀರನ್ನು ಎತ್ತಿಹಿಡಿಯಬಲ್ಲದು ಎಂದು ಅಳೆಯುವುದು ಅನುಕೂಲ. ಸಾಧಾರಣ ಕೂಲರಿನ ಫ್ಯಾನು 4 ಮಿಲಿಮೀಟರು ನೀರಿನಷ್ಟು ಒತ್ತಡ ಕೊಡುತ್ತದೆಯೆಂದು ಇಟ್ಟುಕೊಳ್ಳೋಣ. 40 ಸೆಂಟಿಮೀಟರಿನ ಕೊಳವೆಯಲ್ಲಿ 10 ಮೀಟರು ನೇರ ದಾರಿಗೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಸಾಕು. ಪ್ರವೇಶ, ಒಂದು ಮೂಲೆ ತಿರುವು, ನಿರ್ಗಮನ ಇವೆಲ್ಲವನ್ನು ಸೇರಿಸಿದರೆ ಸುಮಾರು 3 ಮಿಲಿಮೀಟರು. ಫ್ಯಾನು ಇದನ್ನು ನಿರಾಯಾಸವಾಗಿ ಪೂರೈಸುತ್ತದೆ. 20 ಸೆಂಟಿಮೀಟರಿನ ಕೊಳವೆಯಲ್ಲಿ ಅದೇ ಅರ್ಧ ಘನ ಮೀಟರನ್ನು ತಳ್ಳಬೇಕಾದರೆ 53 ಮಿಲಿಮೀಟರು ಬೇಕು! ಫ್ಯಾನಿಗೆ ಆ ಶಕ್ತಿಯಿಲ್ಲ. ಅದು ತನ್ನಲ್ಲಿರುವ ನಾಲ್ಕು ಮಿಲಿಮೀಟರಿಗೆ ತಕ್ಕಷ್ಟು ಗಾಳಿಯನ್ನು ಮಾತ್ರ ತಳ್ಳಿ ಸುಮ್ಮನಾಗುತ್ತದೆ. ಆ ಗಾಳಿ ಬೇಕಾದುದರ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಕೊಳವೆಯ ಬಾಯಲ್ಲಿ ಕೈಯಿಟ್ಟರೆ ಗಾಳಿ ತಣ್ಣಗೆ ಹೊಡೆಯುತ್ತದೆ, ಮೋಸಹೋಗುವುದು ಅಲ್ಲಿಯೇ. ಕೋಣೆಯ ಆಚೆ ಮೂಲೆಯಲ್ಲಿ ಮಲಗಿರುವ ವೃದ್ಧರಿಗಾಗಲಿ ಹಸುಗೂಸಿಗಾಗಲಿ ಹೊರಗಿನ ಸೆಕೆಗೂ ಒಳಗಿನದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ತಿರುವುಗಳ ವಿಷಯದಲ್ಲಿ ನಮ್ಮ ಅಲಕ್ಷ್ಯ ಇನ್ನೂ ಹೆಚ್ಚಿನದು. ಚೂಪಾದ ಮೂಲೆಯಲ್ಲಿ ಗಾಳಿ ಗೋಡೆಗೆ ಢಿಕ್ಕಿ ಹೊಡೆದು ಸುಳಿಸುಳಿಯಾಗಿ ತಿರುಗುತ್ತದೆ. ನಮ್ಮ 40 ಸೆಂಟಿಮೀಟರಿನ ಕೊಳವೆಯಲ್ಲಿ ಅಂಥ ಒಂದೇ ಮೂಲೆ ನುಂಗುವ ಒತ್ತಡ 24 ಮೀಟರು ನೇರ ಕೊಳವೆ ನುಂಗುವುದಕ್ಕೆ ಸಮ. ಅದನ್ನೇ ದುಂಡಗೆ ಬಾಗಿಸಿದರೆ ಸುಮಾರು 5 ಮೀಟರಿಗೆ ಸಮ. ತಗಡಿನವರಿಗೆ ಅರ್ಧ ದಿನದ ಕೆಲಸ ಹೆಚ್ಚಾಗಬಹುದು. ಆದರೆ ಹತ್ತೊಂಬತ್ತು ಮೀಟರು ಕೊಳವೆಯನ್ನು ಉಳಿಸಿದಂತಾಯಿತು. ಆಕಾರದ ಮಾತೂ ಹೀಗೆಯೇ. ಅಡ್ಡಗೋಡೆಯ ಮೇಲೆ ಅಡಗಿಸಲು ಅನುಕೂಲವೆಂದು ಕೆಲವರು 12.5 ಸೆಂಟಿಮೀಟರು ಎತ್ತರ, ಒಂದು ಮೀಟರು ಅಗಲದ ಚಪ್ಪಟೆ ಡಕ್ಟನ್ನು ಮಾಡಿಸುತ್ತಾರೆ. ವಿಸ್ತೀರ್ಣ ಅದೇ 0.125. ಆದರೆ ದುಂಡು ಕೊಳವೆಯ ಸುತ್ತಳತೆ 1.26 ಮೀಟರಾದರೆ ಇದರದು 2.25. ತಗಡೂ ಹೆಚ್ಚು, ಘರ್ಷಣೆಯೂ ಹೆಚ್ಚುಕಡಿಮೆ 1.8 ಪಾಲು.

ಸುತ್ತಳತೆ ಹೆಚ್ಚಿದಷ್ಟೂ ಬಿಸಿಲು ತಾಕುವ ಮೈಯೂ ಹೆಚ್ಚು. ಮಾಳಿಗೆಯ ಮೇಲೆ ಬರಿಯ ತಗಡನ್ನು ಬಿಸಿಲಿಗೆ ಒಡ್ಡಿ 10 ಮೀಟರು ಹಾಯಿಸಿದರೆ ಒಳಗಿನ ತಂಪುಗಾಳಿ ದಾರಿಯಲ್ಲಿಯೇ ಎರಡು ಮೂರು ಡಿಗ್ರಿ ಬಿಸಿಯಾಗಿಬಿಡಬಹುದು. ನಾವು ಲೆಕ್ಕ ಹಿಡಿದಿದ್ದ ಭಾರವೇ 4.5 ಡಿಗ್ರಿಯದೆಂಬುದನ್ನು ವಾಚಕರು ನೆನಪಿಟ್ಟುಕೊಂಡರೆ ಇದೆಂಥ ನಷ್ಟವೆಂಬುದು ತಿಳಿದೀತು. ಡಕ್ಟಿಗೆ ಉಷ್ಣನಿರೋಧಕದ ಹೊದಿಕೆ ಹಾಕುವುದು ಅಲಂಕಾರಕ್ಕಲ್ಲ.

ಬರುವ ದಾರಿಯ ಮಾತಾಯಿತು. ಹೋಗುವ ದಾರಿಯ ಮಾತು ಉಳಿದಿದೆ. ಕೂಲರು ಹಾಕಿ, ತಂಪು ಹೊರಹೋಗದಿರಲೆಂದು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರಪಡಿಸುವವರಿದ್ದಾರೆ. ತುಂಬಿದ ಕೊಡಕ್ಕೆ ನೀರು ಸುರಿದಂತೆ ಇದು. ಒಳಗಿನ ಗಾಳಿ ಹೊರಹೋಗದೆ ಹೊಸ ಗಾಳಿ ಒಳಬರಲಾರದು. ಬಂದ ಅಲ್ಪಸ್ವಲ್ಪವೂ ಅಲ್ಲಿಯೇ ಸುತ್ತಿ ತೇವವೇರಿ ಮೈಯೆಲ್ಲ ಅಂಟಂಟಾಗುತ್ತದೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಚಾವಣಿಗೆ ಬೆಳಕಿಂಡಿ ಇರುತ್ತಿತ್ತು. ಬಿಸಿಗಾಳಿ ಮೇಲೇರಿ ತಾನಾಗಿ ಹೋಗುವುದಕ್ಕೆ ಅದು ಸೊಗಸಾದ ಏರ್ಪಾಡು. ಆದರೆ 30 ಸೆಂಟಿಮೀಟರು ಚೌಕದ ಬೆಳಕಿಂಡಿಯೊಂದರಿಂದಲೇ ಅರ್ಧ ಘನ ಮೀಟರು ಹೋಗಬೇಕಾದರೆ ವೇಗ ಸೆಕೆಂಡಿಗೆ 5.6 ಮೀಟರಾಗಬೇಕು, ಅದಕ್ಕೆ ಬೇಕಾಗುವ ಒತ್ತಡವನ್ನು ಕೊಡುವಲ್ಲಿಯೇ ನಮ್ಮ ಫ್ಯಾನಿನ ಉಸಿರು ಮುಗಿಯುತ್ತದೆ. ಹೊರದಾರಿಯಲ್ಲಿ ವೇಗ ಒಂದೂವರೆ ಮೀಟರಿಗೆ ಮೀರದಂತೆ ನೋಡಿಕೊಂಡರೆ ಒಳ್ಳೆಯದು. ಆಗ ಬೇಕಾದ ವಿಸ್ತೀರ್ಣ 0.33 ಚದರ ಮೀಟರು. 60 ಸೆಂಟಿಮೀಟರು ಚೌಕದ ಒಂದು ಕಿಟಕಿ ತೆರೆದಿದ್ದರೆ ಸಾಕು. ಅದು ಡಕ್ಟಿನ ಬಾಯಿಗೆ ಎದುರು ಮೂಲೆಯಲ್ಲಿರಬೇಕು. ಸೊಳ್ಳೆಗೆಂದು ಬಲೆ ಹಾಕಿದ್ದರೆ ಇನ್ನೂ ದೊಡ್ಡದಿರಬೇಕು.

ಕಟ್ಟಡಗಳ ನಿಯಮಾವಳಿ ಈ ವಿಷಯದಲ್ಲಿ ಏನು ಹೇಳುತ್ತದೆ? ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು 1970ರಲ್ಲಿ ಹೊರಬಂದು 2016ರವರೆಗೆ ಹಲವು ಬಾರಿ ಪರಿಷ್ಕೃತವಾಗಿದೆ. ಒಣ ಬಿಸಿ ಹವೆಯ ಪ್ರದೇಶದಲ್ಲಿ ವಾಸದ ಕೋಣೆಯ ಕಿಟಕಿ ಮುಂತಾದ ತೆರಪುಗಳು ನೆಲದ ವಿಸ್ತೀರ್ಣದ ಹತ್ತರಲ್ಲಿ ಒಂದು ಪಾಲಾದರೂ ಇರಬೇಕೆಂದೂ, ತೇವದ ಬಿಸಿ ಹವೆಯಲ್ಲಿ ಆರರಲ್ಲಿ ಒಂದು ಪಾಲಿರಬೇಕೆಂದೂ ಅದು ವಿಧಿಸುತ್ತದೆ. ನಮ್ಮ ಕೋಣೆಗೆ ಹತ್ತರ ಪಾಲೆಂದರೆ 2 ಚದರ ಮೀಟರು. ಈ ನಿಯಮವನ್ನು ಪಾಲಿಸಿದ ಮನೆಯಲ್ಲಿ ಕೂಲರಿನ ಹೊರದಾರಿಯ ಚಿಂತೆಯೇ ಇಲ್ಲ. ಓಣಿಯ ಮನೆಗಳಲ್ಲಿ ಪಕ್ಕದವರ ಗೋಡೆ ಏರಿದಂತೆಲ್ಲ ಕಿಟಕಿಗಳು ಒಂದೊಂದಾಗಿ ಮುಚ್ಚಿಹೋಗುವುದೇ ನಿಜವಾದ ತೊಡಕು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಹವಾನಿಯಂತ್ರಣ ಯಂತ್ರಕ್ಕೆಂದು, ಎಂದರೆ ಎಸಿಗೆಂದು, ಮಾಡಿಸಿದ ಡಕ್ಟಿಗೆ ಕೂಲರನ್ನು ಜೋಡಿಸಿ ಕೆಟ್ಟವರುಂಟು. ಎಸಿಯ ಗಾಳಿ 15 ಡಿಗ್ರಿಯಲ್ಲಿ ಹೊರಟು 27 ಡಿಗ್ರಿಯಲ್ಲಿ ಮರಳುತ್ತದೆನ್ನೋಣ. ಅದು ಹೊರುವ ಭಾರ 12 ಡಿಗ್ರಿಯದು. ಕೋಣೆಯನ್ನು ಇನ್ನಷ್ಟು ತಣ್ಣಗಿಡುವುದರಿಂದ ಒಳಬರುವ ಉಷ್ಣ 3 ಕಿಲೋವ್ಯಾಟಿಗೆ ಏರಿದರೂ ಬೇಕಾಗುವ ಗಾಳಿ ಸೆಕೆಂಡಿಗೆ 0.23 ಘನ ಮೀಟರು. ಕೂಲರಿನ ಅರ್ಧಕ್ಕಿಂತ ಕಡಿಮೆ. ಆದುದರಿಂದ ಅದರ ಡಕ್ಟೂ ಕಿರಿದು. ಎಸಿಗೆ ಕಿಟಕಿ ಮುಚ್ಚಿರಬೇಕು, ಕೂಲರಿಗೆ ತೆರೆದಿರಬೇಕು. ಎರಡೂ ತಂಪು ಮಾಡುವ ಯಂತ್ರಗಳಾದರೂ ಸ್ವಭಾವದಲ್ಲಿ ಪೂರ್ವ ಪಶ್ಚಿಮ.

ಚಳಿನಾಡುಗಳಲ್ಲಿ ಡಕ್ಟಿನ ಕೆಲಸ ತಿರುಗುಮುರುಗು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ನೆಲಮಾಳಿಗೆಯ ಒಲೆಯಿಂದ ಬಿಸಿಗಾಳಿ ಕೋಣೆಕೋಣೆಗೂ ಹರಿಯುವುದನ್ನು ಅಲ್ಲಿಗೆ ಹೋಗಿಬಂದವರು ಕಂಡಿರುತ್ತಾರೆ. ಅಲ್ಲಿ ಮನೆಯ ಉಷ್ಣದ ಲೆಕ್ಕಕ್ಕೆ 'ಮ್ಯಾನ್ಯುಯಲ್ ಜೆ', ಯಂತ್ರದ ಆಯ್ಕೆಗೆ 'ಮ್ಯಾನ್ಯುಯಲ್ ಎಸ್', ಡಕ್ಟಿನ ಅಳತೆಗೆ 'ಮ್ಯಾನ್ಯುಯಲ್ ಡಿ' ಎಂಬ ಕೈಪಿಡಿಗಳಿವೆ. ವಾಸದ ಮನೆಗಳ ಕಟ್ಟಡ ಸಂಹಿತೆಯೇ ಅವುಗಳನ್ನು ಹೆಸರಿಸುತ್ತದೆ. ಗಮನಿಸಬೇಕಾದುದು ಅವುಗಳ ಅನುಕ್ರಮ: ಮೊದಲು ಮನೆ, ಆಮೇಲೆ ಯಂತ್ರ, ಕೊನೆಗೆ ಡಕ್ಟು. ನಮ್ಮಲ್ಲಿ ಅಂಗಡಿಯಲ್ಲಿ ಕಂಡ ಯಂತ್ರದಿಂದ ಲೆಕ್ಕ ಆರಂಭವಾಗುತ್ತದೆ.

ಮನೆಯಿಂದಲೇ ಆರಂಭಿಸಿದರೆ ಏನಾದೀತೆಂದು ನೋಡೋಣ. ಕೇಂದ್ರ ಸರ್ಕಾರ 2018ರಲ್ಲಿ ವಾಸದ ಕಟ್ಟಡಗಳಿಗಾಗಿ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಚಾವಣಿಯ ಮೂಲಕ ಚದರ ಮೀಟರಿಗೆ, ಒಂದು ಡಿಗ್ರಿ ಅಂತರಕ್ಕೆ, 1.2 ವ್ಯಾಟಿಗಿಂತ ಹೆಚ್ಚು ಉಷ್ಣ ಇಳಿಯಕೂಡದೆಂದು ಅದು ಹೇಳುತ್ತದೆ. ನಮ್ಮ ಬರಿಯ ಕಾಂಕ್ರೀಟಿನದು 3.5 ಎಂಬುದನ್ನು ಸ್ಮರಿಸಬಹುದು. ಚಾವಣಿಗೆ ಉಷ್ಣನಿರೋಧಕದ ಪದರ ಹಾಕಿ ಅದನ್ನು 1.2ಕ್ಕೆ ಇಳಿಸಿದರೆ, 1,960 ವ್ಯಾಟು 672 ಆಗುತ್ತದೆ. ಒಟ್ಟು ಉಷ್ಣ 1.27 ಕಿಲೋವ್ಯಾಟಿಗೆ ಬರುತ್ತದೆ. ಗಾಳಿ ಅರ್ಧ ಸಾಕು. ಡಕ್ಟು 40 ಸೆಂಟಿಮೀಟರಿನ ಬದಲು 29 ಸೆಂಟಿಮೀಟರಿನದು ಸಾಕು. ಮೇಲೆ ಸುಣ್ಣ ಬಳಿದು ಬೆಳ್ಳಗೆ ಇಟ್ಟರೆ ಇನ್ನೂ ಕಡಿಮೆ. ಸ್ಥಳವಿಲ್ಲವೆಂದು ಕಿರಿದಾದ ಕೊಳವೆ ಹಾಕುವ ಮನೆಯವರು ಮೊದಲು ಮಾಡಬೇಕಾದ ಖರ್ಚು ಇದು.

ನೀರಿನ ಲೆಕ್ಕವನ್ನೂ ಮರೆಯುವಂತಿಲ್ಲ. ಸೆಕೆಂಡಿಗೆ ಅರ್ಧ ಘನ ಮೀಟರು ಗಾಳಿಯನ್ನು 13.5 ಡಿಗ್ರಿ ತಣಿಸಲು ಗಂಟೆಗೆ ಸುಮಾರು 11 ಲೀಟರು ನೀರು ಆವಿಯಾಗಬೇಕು. ಎಂಟು ಗಂಟೆಗೆ 88 ಲೀಟರು. ಅದೂ ಒಂದೇ ಕೋಣೆಗೆ. ಭೀಮಾ ಮತ್ತು ಬೆಣ್ಣೆತೊರೆಗಳ ನೀರನ್ನು ನೆಚ್ಚಿರುವ ನಗರದಲ್ಲಿ, ನಲ್ಲಿಯಲ್ಲಿ ನೀರು ಬರುವ ದಿನವನ್ನು ಕಾಯುವ ಬೇಸಗೆಯಲ್ಲಿ, ಇದು ಸಣ್ಣ ಮಾತಲ್ಲ. ಚಾವಣಿಯನ್ನು ಸರಿಪಡಿಸಿದ ಮನೆಯಲ್ಲಿ ಇದೂ ಅರ್ಧವಾಗುತ್ತದೆ.

ಒಂದೇ ಕೂಲರಿನಿಂದ ಎರಡು ಕೋಣೆಗಳಿಗೆ ಗಾಳಿ ಕೊಡಬೇಕೆನ್ನುವವರಿಗೆ ಒಂದು ಸೂಚನೆ. ಗಾಳಿ ಇಮ್ಮಡಿಯಾದರೆ ವ್ಯಾಸ ಇಮ್ಮಡಿಯಾಗಬೇಕಾಗಿಲ್ಲ. ಪ್ರತಿ ಮೀಟರಿಗೂ ನಷ್ಟ ಒಂದೇ ಸಮನಾಗಿರಬೇಕಾದರೆ ವ್ಯಾಸ 1.32 ಪಾಲಾದರೆ ಸಾಕು. ಎಂದರೆ ಕವಲೊಡೆಯುವವರೆಗೆ 53 ಸೆಂಟಿಮೀಟರಿನ ಕೊಳವೆ, ಅಲ್ಲಿಂದ ಮುಂದೆ ಒಂದೊಂದು ಕೋಣೆಗೂ 40 ಸೆಂಟಿಮೀಟರಿನದು.

ಈ ಸಂಗತಿಗಳನ್ನು ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ಕೂಲರನ್ನು ಹಾಕಿ, ಹತ್ತಿಸಿದ ಊದುಬತ್ತಿಯೊಂದನ್ನು ಹಿಡಿದು ತೆರೆದ ಕಿಟಕಿಯ ಬಳಿ ನಿಲ್ಲಿರಿ. ಪರದೆಗಳನ್ನು ಮೊದಲೇ ಸರಿಸಿಟ್ಟಿರಬೇಕು. ಹೊಗೆ ನೆಟ್ಟಗೆ ಹೊರಕ್ಕೆ ಎಳೆದುಕೊಂಡು ಹೋದರೆ ದಾರಿ ಸರಿಯಾಗಿದೆ. ಅಲ್ಲಿಯೇ ಸುಳಿದು ಮೇಲೇರಿದರೆ ಕೋಣೆಯ ಬಾಗಿಲನ್ನು ತುಸು ತೆರೆದು ಮತ್ತೆ ನೋಡಿರಿ. ಬಾಗಿಲು ತೆರೆದೊಡನೆ ಕೂಲರಿನ ಬಾಯಿಂದ ಬರುವ ಗಾಳಿಯ ರಭಸ ಹೆಚ್ಚಿತೆಂದರೆ ಹೊರದಾರಿ ಕಿರಿದಾಗಿತ್ತೆಂದು ತಿಳಿಯಬೇಕು. ಹೆಚ್ಚದಿದ್ದರೆ ಅಳತೆಪಟ್ಟಿಯನ್ನು ತೆಗೆದುಕೊಂಡು ಮಾಳಿಗೆಯನ್ನು ಹತ್ತಿ, ಕೊಳವೆಯ ಸುತ್ತಳತೆಯನ್ನು ಅಳೆಯಿರಿ, ಅದರ ಮೂಲೆಗಳನ್ನು ಎಣಿಸಿರಿ. ಸಂಜೆ ಬಿಸಿಲು ಇಳಿದ ಮೇಲೆ ಹೋದರೆ ಸಾಕು. ಮಧ್ಯಾಹ್ನ ಆ ತಗಡನ್ನು ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ.